ದಂಡು, ಗಡಿ, ಕೆರೆ: ಕೃಷ್ಣದೇವರಾಯನ ಯುದ್ಧವಿಚಾರ

ತರಗತಿಯಲ್ಲಿ ವಿಜಯನಗರದ ಪಾಠ ಬಂದಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. "ಸಾ, ಕೃಷ್ಣದೇವರಾಯ ನಮ್ಮೋನಾ, ತೆಲುಗೋರೋನಾ?"

ರೊಳ್ಳದಂಥ ಊರಿನಲ್ಲಿ ಇದು ಬರಿಯ ಇತಿಹಾಸದ ಪ್ರಶ್ನೆಯಲ್ಲ ನೋಡಿ. ಮನೆಯಲ್ಲಿ ಕನ್ನಡ, ಆಫೀಸಿನಲ್ಲಿ ತೆಲುಗು, ಸಂತೆಯಲ್ಲಿ ಎರಡೂ. ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು, ಆಮೇಲೆ ಆಂಧ್ರಕ್ಕೆ ಬಂತು. ಮಡಕಶಿರಾ ಮೊದಲಿನಿಂದ ಅನಂತಪುರ ಜಿಲ್ಲೆಯಲ್ಲಿದ್ದು 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಹೀಗೆ ಜಿಲ್ಲೆ ಬದಲಾಗುತ್ತದೆ, ರಾಜ್ಯ ಬದಲಾಗುತ್ತದೆ, ಮಕ್ಕಳ ಪ್ರಶ್ನೆ ಮಾತ್ರ ಬದಲಾಗುವುದಿಲ್ಲ. ಅನಂತಪುರದಲ್ಲಿ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಇದೆ. ಬಳ್ಳಾರಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಇದೆ. ಗಡಿಯ ಎರಡು ಕಡೆಯವರೂ ಅವನ ಹೆಸರನ್ನು ಬಿಟ್ಟುಕೊಡಲು ತಯಾರಿಲ್ಲ!

ಅವನೇ ಬರೆದ ತೆಲುಗು ಕಾವ್ಯ 'ಆಮುಕ್ತಮಾಲ್ಯದ'ದ ಪೀಠಿಕೆಯಲ್ಲಿ ಇದಕ್ಕೊಂದು ಚಂದದ ಉತ್ತರವಿದೆ. ಕಳಿಂಗದ ದಂಡಯಾತ್ರೆಗೆ ಹೋಗುವಾಗ ರಾಯ ಕೃಷ್ಣಾ ನದಿಯ ಕಡೆಯ ಶ್ರೀಕಾಕುಳದಲ್ಲಿ (ಉತ್ತರದ ಶ್ರೀಕಾಕುಳಂ ಜಿಲ್ಲೆಯಲ್ಲ, ಇದು ಬೇರೆ ಊರು) ಆಂಧ್ರವಿಷ್ಣುವಿನ ದರ್ಶನ ಮಾಡುತ್ತಾನೆ. ಆ ರಾತ್ರಿ ದೇವರು ಕನಸಿನಲ್ಲಿ ಬಂದು ತೆಲುಗಿನಲ್ಲಿ ಕಾವ್ಯ ಬರೆ ಎನ್ನುತ್ತಾನೆ. ಆಗ ದೇವರು ತನ್ನನ್ನು ತೆಲುಗು ರಾಯನೆಂದು ಹೇಳಿಕೊಳ್ಳುತ್ತಾನೆ, ಎದುರಿಗಿರುವ ರಾಜನನ್ನು ಕನ್ನಡ ರಾಯ ಎಂದು ಕರೆಯುತ್ತಾನೆ. ಅಪ್ಪ ತುಳುವ ವಂಶದ ನರಸನಾಯಕ. ಹಾಗಾದರೆ ತುಳುವರೂ ಪಾಲು ಕೇಳಬಹುದಲ್ಲ ಎಂದರೆ ಮಕ್ಕಳು ನಗುತ್ತಾರೆ, ಪಾಠ ಮುಂದೆ ಹೋಗುತ್ತದೆ.

ಆದರೆ ಇತ್ತೀಚೆಗೆ ನನಗನ್ನಿಸುತ್ತಿರುವುದು ಬೇರೆ. ಅವನು ಯಾರವನು ಎಂದು ಜಗಳವಾಡುವ ನಾವು, ಅವನು ಏನು ಯೋಚಿಸಿದ ಎಂದು ಕೇಳಿಯೇ ಇಲ್ಲ. ನಾನು ಟಿಸಿಎಚ್ ಓದುವಾಗಲಾಗಲಿ ಬಿಎ ಓದುವಾಗಲಾಗಲಿ ನಮಗೆ ಸಿಕ್ಕಿದ್ದು ಅಷ್ಟದಿಗ್ಗಜರು, ಗೆದ್ದ ಕೋಟೆಗಳ ಪಟ್ಟಿ, ಕಟ್ಟಿಸಿದ ಗೋಪುರಗಳ ಪಟ್ಟಿ, ಅಷ್ಟೆ. ಆ ಕಾವ್ಯದ ನಾಲ್ಕನೇ ಆಶ್ವಾಸದಲ್ಲಿ ಸುಮಾರು 80 ಪದ್ಯಗಳಷ್ಟು ರಾಜನೀತಿ ಇದೆ, ಅದರಲ್ಲಿ ದಂಡು, ಕೋಟೆ, ಗಡಿ, ಕುದುರೆ, ಗೂಢಚಾರರ ವಿಷಯ ತುಂಬಿದೆ ಎಂದು ನನಗೆ ಗೊತ್ತಾದದ್ದು ಕೆಲಸಕ್ಕೆ ಸೇರಿ ಎಷ್ಟೋ ವರ್ಷಗಳಾದ ಮೇಲೆ.

ಯುರೋಪಿನವರು ಇಂಥ ವಿಷಯದಲ್ಲಿ ಜಾಣರು. ಇಟಲಿಯ ಮೆಕಿಯಾವೆಲ್ಲಿ 1513ರಲ್ಲಿ ಬರೆದ 'ದಿ ಪ್ರಿನ್ಸ್' ಪುಸ್ತಕವನ್ನು ಇಡೀ ಜಗತ್ತೇ ಓದುತ್ತದೆ. 1521ರಲ್ಲಿ ಅವನ ಯುದ್ಧಕಲೆಯ ಪುಸ್ತಕವೂ ಅಚ್ಚಾಯಿತು. ಸ್ಪೇನಿನಲ್ಲಿ ಬೆರ್ನಾರ್ದಿನೊ ದೆ ಮೆಂದೋಸಾ ಎಂಬುವನಿದ್ದ. ಫ್ಲಾಂಡರ್ಸ್‌ನಲ್ಲಿ ಕುದುರೆ ಸವಾರನಾಗಿ ಕಾದಾಡಿದವನು, ಆಮೇಲೆ ಲಂಡನ್ನಿನಲ್ಲೂ ಪ್ಯಾರಿಸ್ಸಿನಲ್ಲೂ ರಾಯಭಾರಿಯಾಗಿದ್ದವನು. ವಯಸ್ಸಾಗಿ ಕಣ್ಣು ಹೋದ ಕಾಲದಲ್ಲಿ, 1595ರಲ್ಲಿ, ಯುವರಾಜನಿಗಾಗಿ ಯುದ್ಧದ ಸಿದ್ಧಾಂತ ಮತ್ತು ಪ್ರಯೋಗದ ಬಗ್ಗೆ ಪುಸ್ತಕ ಪ್ರಕಟಿಸಿದ. ಯುದ್ಧ ಮಾಡಿದವನೇ ಯುದ್ಧದ ಬಗ್ಗೆ ಬರೆದದ್ದು ಅದರ ಬೆಲೆ. ನಮ್ಮ ರಾಯ ಅದೇ ಕೆಲಸವನ್ನು ಅದಕ್ಕೂ ಮುಕ್ಕಾಲು ಶತಮಾನ ಮೊದಲು, ಮೆಕಿಯಾವೆಲ್ಲಿಯ ಕಾಲದಲ್ಲೇ ಮಾಡಿದ್ದ. ಪದ್ಯದಲ್ಲಿ, ಅದೂ ಗೋದಾದೇವಿಯ ಭಕ್ತಿಕಥೆಯ ಒಳಗೆ ಸೇರಿಸಿ ಬರೆದದ್ದರಿಂದ ಅದು ಸಾಹಿತ್ಯದ ಮೇಷ್ಟ್ರುಗಳ ಪಾಲಾಯಿತು, ಇತಿಹಾಸದ ಮೇಷ್ಟ್ರುಗಳಿಗೆ ಸಿಗಲಿಲ್ಲ.

ಮೊದಲು ಅವನ ಜೀವನವನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1509ರಲ್ಲಿ ಪಟ್ಟಕ್ಕೆ ಬಂದ. ಅಣ್ಣ ವೀರನರಸಿಂಹ ಬಿಟ್ಟುಹೋದ ರಾಜ್ಯದ ಸುತ್ತ ಶತ್ರುಗಳೇ. ಉತ್ತರದಲ್ಲಿ ಬಹಮನಿ ರಾಜ್ಯ ಒಡೆದು ಹುಟ್ಟಿದ ಸುಲ್ತಾನರು, ಪೂರ್ವದಲ್ಲಿ ಉದಯಗಿರಿಯವರೆಗೂ ಇಳಿದಿದ್ದ ಒಡಿಶಾದ ಗಜಪತಿ, ದಕ್ಷಿಣದಲ್ಲಿ ಕಪ್ಪ ಕೊಡದೆ ತಿರುಗಿಬಿದ್ದಿದ್ದ ಉಮ್ಮತ್ತೂರಿನ ಗಂಗರಾಜ, ಪಶ್ಚಿಮದ ಸಮುದ್ರತೀರದಲ್ಲಿ ಆಗತಾನೆ ಬಂದಿಳಿದ ಪೋರ್ಚುಗೀಸರು. ಮೊದಲು ಉಮ್ಮತ್ತೂರಿನವನನ್ನು ಶಿವನಸಮುದ್ರದಲ್ಲಿ ಸೋಲಿಸಿದ. 1513ರಲ್ಲಿ ಉದಯಗಿರಿಗೆ ಮುತ್ತಿಗೆ ಹಾಕಿದ, 1514ರಲ್ಲಿ ಅದು ಬಿತ್ತು. ಅಲ್ಲಿಂದ ತಂದ ಬಾಲಕೃಷ್ಣನಿಗೆ 1515ರಲ್ಲಿ ಹಂಪಿಯಲ್ಲಿ ಗುಡಿ ಕಟ್ಟಿಸಿದ. ಅದೇ ವರ್ಷ ಕೊಂಡವೀಡು, ಆಮೇಲೆ ಕೊಂಡಪಲ್ಲಿ, ಸಿಂಹಾಚಲ. ಗಜಪತಿ ಮಗಳನ್ನು ಕೊಟ್ಟು ಸಂಧಿ ಮಾಡಿಕೊಂಡ. ರಾಯ ಕೃಷ್ಣಾ ನದಿಯ ಆಚೆಗಿನ ನೆಲವನ್ನು ಅವನಿಗೇ ಹಿಂದಕ್ಕೆ ಬಿಟ್ಟ. 1520ರಲ್ಲಿ ರಾಯಚೂರು. 1529ರಲ್ಲಿ ತೀರಿಕೊಂಡ. ಒಟ್ಟು 20 ವರ್ಷ.

ಅವನನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬರೆದದ್ದನ್ನು ಮಕ್ಕಳಿಗೆ ಹೇಳಿದರೆ ಕಿವಿ ನೆಟ್ಟಗೆ ಮಾಡಿಕೊಂಡು ಕೇಳುತ್ತಾರೆ. ಸಾಧಾರಣ ಎತ್ತರ, ತೆಳುವೇನಲ್ಲ, ದಪ್ಪವೇ ಅನ್ನಬೇಕು, ಮುಖದ ಮೇಲೆ ಸಿಡುಬಿನ ಕಲೆ. ಬೆಳಕು ಹರಿಯುವ ಮೊದಲೇ ಎದ್ದು ಎಳ್ಳೆಣ್ಣೆ ಕುಡಿದು, ಮೈಗೂ ಅದೇ ಎಣ್ಣೆ ತಿಕ್ಕಿಸಿಕೊಂಡು, ಭಾರ ಎತ್ತಿ, ಕತ್ತಿವರಸೆ ಮಾಡಿ, ಎಣ್ಣೆಯೆಲ್ಲ ಬೆವರಾಗಿ ಹೋಗುವವರೆಗೆ ಸಾಧನೆ. ಆಮೇಲೆ ಕುಸ್ತಿ, ಆಮೇಲೆ ಕುದುರೆ ಹತ್ತಿ ಬಯಲಿನಲ್ಲಿ ಸವಾರಿ. ಸಿನಿಮಾದಲ್ಲಿ ನೋಡಿದ ರಾಯನಿಗಿಂತ ಈ ರಾಯ ನನಗೆ ಹೆಚ್ಚು ಹತ್ತಿರದವನೆನಿಸುತ್ತಾನೆ.

ಇರಲಿ, ಕಾವ್ಯಕ್ಕೆ ಬರೋಣ. ರಾಜನೀತಿಯ ಭಾಗವನ್ನು ರಾಯ ತನ್ನ ಬಾಯಿಂದ ಹೇಳುವುದಿಲ್ಲ. ಯಾಮುನಾಚಾರ್ಯರು ವಾದದಲ್ಲಿ ಗೆದ್ದು ರಾಜ್ಯ ಪಡೆದವರು. ಕೊನೆಗೆ ಎಲ್ಲ ಬಿಟ್ಟು ಸನ್ಯಾಸಕ್ಕೆ ಹೊರಡುವಾಗ ಮಗನನ್ನು ಕೂರಿಸಿಕೊಂಡು ರಾಜ್ಯ ಹೇಗೆ ನಡೆಸಬೇಕೆಂದು ಹೇಳುತ್ತಾರೆ. ಬಾಯಿ ಯಾಮುನರದು, ಅನುಭವ ರಾಯನದು. ಈ ಕಾವ್ಯವನ್ನು ರಾಯ ಬರೆಯಲಿಲ್ಲ, ಅಲ್ಲಸಾನಿ ಪೆದ್ದನ ಬರೆದುಕೊಟ್ಟ ಎನ್ನುವವರೂ ಇದ್ದಾರೆ. ನಾನು ಪಂಡಿತನಲ್ಲ. ಆದರೆ ಕುದುರೆ ವ್ಯಾಪಾರಿಯನ್ನು ಹೇಗೆ ಒಲಿಸಿಕೊಳ್ಳಬೇಕು, ಗಡಿಯ ಕಾಡನ್ನು ಏನು ಮಾಡಬೇಕು ಎಂದು ಇಷ್ಟು ಲೆಕ್ಕಾಚಾರದಿಂದ ಬರೆಯುವವನು ದಂಡು ನಡೆಸಿದವನೇ ಇರಬೇಕು ಎಂದು ನನ್ನ ಅನಿಸಿಕೆ.

ಕುದುರೆಯಿಂದಲೇ ಶುರು ಮಾಡೋಣ. ನಮ್ಮ ದಖನ್ನಿನಲ್ಲಿ ಒಳ್ಳೆಯ ಯುದ್ಧದ ಕುದುರೆ ಹುಟ್ಟುತ್ತಿರಲಿಲ್ಲ. ಅರೇಬಿಯಾ, ಪರ್ಷಿಯಾ ಕಡೆಯಿಂದ, ಒರ್ಮುಜ್ ಬಂದರಿನ ಮೂಲಕ ಹಡಗಿನಲ್ಲಿ ಬರಬೇಕಿತ್ತು. ರಾಯ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದ ಎಂದು ನ್ಯೂನಿಜ್ ಬರೆದಿದ್ದಾನೆ (ಇದರಲ್ಲಿ ನಾಡಕುದುರೆಗಳೂ ಸೇರಿವೆ). ಈ ನ್ಯೂನಿಜ್ ಸ್ವತಃ ಕುದುರೆ ವ್ಯಾಪಾರಿ, ಹಾಗಾಗಿ ಅವನ ಮಾತಿಗೆ ಸ್ವಲ್ಪ ತೂಕವಿದೆ. ಈಗ ಕಾವ್ಯ ಏನು ಹೇಳುತ್ತದೆ ನೋಡಿ. ಬಂದರುಗಳನ್ನು ಚೆನ್ನಾಗಿಟ್ಟುಕೋ. ಆನೆ, ಕುದುರೆ, ರತ್ನ, ಗಂಧ, ಮುತ್ತು ತಡೆಯಿಲ್ಲದೆ ಬರುವ ಹಾಗೆ ಮಾಡು. ಬಿರುಗಾಳಿಗೆ ಸಿಕ್ಕಿಯೋ ಕಾಯಿಲೆ ಬಿದ್ದೋ ನಿನ್ನ ದಡಕ್ಕೆ ಬಂದ ಪರದೇಶದ ನಾವಿಕರನ್ನು ನೋಡಿಕೋ. ದೂರದಿಂದ ಆನೆ ಕುದುರೆ ತರುವ ವ್ಯಾಪಾರಿಗಳಿಗೆ ಊರು ಕೊಡು, ಪಟ್ಟಣದಲ್ಲಿ ಒಳ್ಳೆಯ ಮನೆ ಕೊಡು, ದಿನಾ ದರ್ಶನ ಕೊಡು, ಉಡುಗೊರೆ ಕೊಡು, ಲಾಭ ಮಾಡಿಕೊಳ್ಳಲು ಬಿಡು. ಹಾಗೆ ಮಾಡಿದರೆ ಆ ಕುದುರೆಗಳು ನಿನ್ನ ಶತ್ರುವಿನ ಲಾಯಕ್ಕೆ ಹೋಗುವುದಿಲ್ಲ.

ಈ ಕೊನೆಯ ಮಾತಿನಲ್ಲಿದೆ ಸೇನಾನಿಯ ತಲೆ. ಕುದುರೆ ಕೊಳ್ಳುವುದು ನನಗೆ ಬೇಕು ಎಂದಷ್ಟೇ ಅಲ್ಲ, ಅವನಿಗೆ ಸಿಗಬಾರದು ಎಂದು. ಯುದ್ಧ ರಣರಂಗದಲ್ಲಿ ಶುರುವಾಗುವುದಿಲ್ಲ, ಬಂದರಿನಲ್ಲೇ ಶುರುವಾಗುತ್ತದೆ. ಆನೆ ಕುದುರೆಗೆ, ಅವುಗಳ ಮೇವಿಗೆ, ಸೈನಿಕರ ಸಂಬಳಕ್ಕೆ ಹಾಕಿದ ಹಣವನ್ನು ಖರ್ಚು ಎಂದು ಬರೆಯಬಾರದು ಎಂದೂ ಹೇಳುತ್ತಾನೆ. ರಾಜ್ಯದ ಆದಾಯವನ್ನು ನಾಲ್ಕು ಪಾಲು ಮಾಡಿ ಎರಡು ಪಾಲು ದಂಡಿಗೆ, ಒಂದು ಪಾಲು ದಾನಕ್ಕೂ ಭೋಗಕ್ಕೂ, ಒಂದು ಪಾಲು ಬೊಕ್ಕಸಕ್ಕೆ ಎಂದು ಲೆಕ್ಕ ಕೊಡುತ್ತಾನೆ. ಆದಾಯದ ಅರ್ಧ ಸೈನ್ಯಕ್ಕೆ! ಅವನ ಕಾಲವೇ ಅಂಥದ್ದು.

ರಾಯಚೂರು ಯುದ್ಧಕ್ಕೆ ನೆವವಾದದ್ದೂ ಕುದುರೆಯೇ. ಸೈಯದ್ ಮರೈಕಾರ್ ಎಂಬ ವ್ಯಾಪಾರಿಗೆ ರಾಯ 40,000 ವರಹ ಕೊಟ್ಟು ಗೋವೆಗೆ ಹೋಗಿ ಕುದುರೆ ತಾ ಎಂದು ಕಳಿಸಿದ. ಅವನು ಹಣದ ಸಮೇತ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನ ಆಶ್ರಯಕ್ಕೆ ಹೋದ. ವಾಪಸು ಕಳಿಸು ಎಂದು ರಾಯ ಕೇಳಿದ, ಅವನು ಕಳಿಸಲಿಲ್ಲ. ಇದೆಲ್ಲ ನ್ಯೂನಿಜ್ ಹೇಳುವ ಕಥೆ. ನಿಜವಾದ ಕಾರಣ ಕೃಷ್ಣಾ ತುಂಗಭದ್ರಾ ನದಿಗಳ ನಡುವಿನ ದೋಆಬಿನ ನೆಲ ಎಂದು ಎಲ್ಲರಿಗೂ ಗೊತ್ತು. ಆ ನೆಲಕ್ಕಾಗಿ ಅದಕ್ಕೂ ಹಿಂದೆ ಎಷ್ಟು ಯುದ್ಧವಾಗಿದ್ದವೋ!

ನ್ಯೂನಿಜ್ ಕೊಡುವ ಸೈನ್ಯದ ಲೆಕ್ಕ ಕೇಳಿದರೆ ತಲೆ ತಿರುಗುತ್ತದೆ. ಏಳು ಲಕ್ಷ ಕಾಲಾಳು, 32,600 ಕುದುರೆ, 551 ಆನೆ. ಕಾಲಾಳಿನ ಲೆಕ್ಕವನ್ನು ನಾನಂತೂ ನಂಬುವುದಿಲ್ಲ, ಅಷ್ಟು ಜನಕ್ಕೆ ರಾಯಚೂರಿನ ಬಿಸಿಲಿನಲ್ಲಿ ನೀರು ಕೊಡುವವರು ಯಾರು? ಆದರೆ ಮುತ್ತಿಗೆಯ ವಿವರ ನಂಬುವ ಹಾಗಿದೆ. ಕೋಟೆಗೋಡೆ ಒಡೆಯಲು ರಾಯನ ಕಡೆ ದೊಡ್ಡ ಫಿರಂಗಿ ಬಲವಿರಲಿಲ್ಲ. ಜನರೇ ಹಾರೆ ಗುದ್ದಲಿ ಹಿಡಿದು ಮೇಲಿನಿಂದ ಬರುವ ಗುಂಡು ಬಾಣಗಳ ನಡುವೆ ಗೋಡೆಗೆ ಕೈಹಾಕಬೇಕಿತ್ತು. ಕಿತ್ತು ತಂದ ಕಲ್ಲಿನ ಗಾತ್ರ ನೋಡಿ ಕೂಲಿ ಕೊಡುತ್ತಿದ್ದರಂತೆ. ಇತಿಹಾಸದಲ್ಲಿ ಹೆಸರಿಲ್ಲದ ಆ ಕೂಲಿಯವರು ಎಲ್ಲಿಯವರು? ಒಂದೊಂದು ಸಲ ಅನ್ನಿಸುತ್ತದೆ, ನಮ್ಮ ಕಡೆಯ ಕಲ್ಲು ಒಡೆಯುವವರೂ ಅವರಲ್ಲಿ ಇದ್ದಿರಬಹುದು ಅಂತ.

ಅಷ್ಟರಲ್ಲಿ ಆದಿಲ್ ಶಾಹ ಕೃಷ್ಣಾ ನದಿ ದಾಟಿ ಬಂದ. 1520ರ ಮೇ 19ರಂದು ಯುದ್ಧ. ಮೊದಲ ಹೊಡೆತದಲ್ಲಿ ಬಿಜಾಪುರದ ಫಿರಂಗಿಗಳು ಒಟ್ಟಿಗೆ ಬೆಂಕಿ ಉಗುಳಿ ರಾಯನ ಮುಂಚೂಣಿ ಚದುರಿತು, ಜನ ಹಿಂದಕ್ಕೆ ಓಡಿಬಂದರು. ಸೋಲು ಕಣ್ಣೆದುರಿಗೇ ಇತ್ತು. ಆಗ ರಾಯ ತನ್ನ ಉಂಗುರ ತೆಗೆದು ಒಬ್ಬ ಹುಡುಗನ ಕೈಗೆ ಕೊಟ್ಟನಂತೆ, ನಾನು ಸತ್ತರೆ ಇದನ್ನು ರಾಣಿಯರಿಗೆ ತೋರಿಸು ಎಂದು. ಆಮೇಲೆ ಕುದುರೆ ಹತ್ತಿ ಎರಡನೇ ಸಾಲನ್ನು ತಾನೇ ಮುನ್ನಡೆಸಿದ. ಗೆದ್ದೆವೆಂದು ಬೆನ್ನಟ್ಟಿ ಬಂದಿದ್ದ ಶತ್ರುಸೈನ್ಯದ ಶಿಸ್ತು ಅಷ್ಟರಲ್ಲಿ ಮುರಿದಿತ್ತು. ಅವರನ್ನು ನದಿಯವರೆಗೆ ಅಟ್ಟಿದರು. ಆದಿಲ್ ಶಾಹ ಆನೆಯ ಮೇಲೆ ನದಿ ದಾಟಿ ಪಾರಾದ. ಅವನ ಪಾಳೆಯದಲ್ಲಿ ಸಿಕ್ಕಿದ್ದು 400 ದೊಡ್ಡ ಫಿರಂಗಿ, 4,000 ಒರ್ಮುಜ್ ಕುದುರೆ, 100 ಆನೆ.

ಇಲ್ಲಿ ಒಂದು ಮಾತು ಗಮನಿಸಬೇಕು. ಓಡುತ್ತಿರುವವರನ್ನು ಕೊಲ್ಲುವುದನ್ನು ರಾಯ ನಿಲ್ಲಿಸಿದ ಎಂದು ನ್ಯೂನಿಜ್ ಬರೆಯುತ್ತಾನೆ. ತಪ್ಪು ಆದಿಲ್ ಶಾಹನದು, ಸಾಯುತ್ತಿರುವವರು ತಪ್ಪು ಮಾಡಿದವರಲ್ಲ ಎಂಬ ಅರ್ಥದ ಮಾತು ಹೇಳಿದನಂತೆ. ಆಮೇಲೆ ರಾಯಚೂರಿನ ಕೋಟೆ ಬಿದ್ದದ್ದು ಕ್ರಿಸ್ಟೋವಾವೊ ದೆ ಫಿಗೆರೇದೊ ಎಂಬ ಪೋರ್ಚುಗೀಸನ ಜೊತೆಗಿದ್ದ 20 ಕೋವಿಯವರ ನೆರವಿನಿಂದ. ಗೋಡೆಯ ಮೇಲೆ ತಲೆ ಎತ್ತಿದವರಿಗೆಲ್ಲ ಗುಂಡು. ಕೋಟೆಯ ಮುಖ್ಯಸ್ಥನೇ ಹಣೆಗೆ ಗುಂಡು ಬಿದ್ದು ಸತ್ತ, ಮರುದಿನ ಊರು ಶರಣಾಯಿತು. ಊರನ್ನು ಲೂಟಿ ಮಾಡಬೇಡಿ ಎಂದು ರಾಯ ಕಟ್ಟಪ್ಪಣೆ ಮಾಡಿದ. ಕಾವ್ಯದಲ್ಲೂ ಇದೇ ಧಾಟಿ ಇದೆ. ಶತ್ರುವಿನ ಕೋಟೆ ಹಿಡಿದಾಗ ಅಲ್ಲಿನ ಹೆಂಗಸರು ನಿನ್ನ ಕೈಗೆ ಸಿಕ್ಕರೆ ಅವರು ತವರುಮನೆಯಲ್ಲಿದ್ದ ಹಾಗೆ ಇರಬೇಕು ಎನ್ನುತ್ತಾನೆ. ನೂರು ಜನ ತಪ್ಪು ಮಾಡಿದರೆ ಸಾವಿರ ಜನರನ್ನು ದಂಡಿಸುವುದು ರಾಜನಿಗೆ ತಕ್ಕದ್ದಲ್ಲ ಎಂದೂ ಹೇಳುತ್ತಾನೆ.

ಈ ನೂರು ಸಾವಿರದ ಮಾತು ಬರುವುದು ಕಾಡುಗುಡ್ಡದ ಜನರ ವಿಷಯದಲ್ಲಿ. ನಮ್ಮ ರಾಯದುರ್ಗ ಮಡಕಶಿರಾ ಕಡೆಯವರು ಇದನ್ನು ಸ್ವಲ್ಪ ನಿಧಾನವಾಗಿ ಓದಬೇಕು.

ಗಡಿಯ ಹತ್ತಿರದ ಕಾಡನ್ನು ಬೆಳೆಸು, ರಾಜ್ಯದ ಮಧ್ಯದ ಕಾಡನ್ನು ಕಡಿದುಹಾಕು ಎಂದು ರಾಯ ಹೇಳುತ್ತಾನೆ. ಗಡಿಯ ಕಾಡು ಶತ್ರುವಿಗೆ ತಡೆ, ಒಳಗಿನ ಕಾಡು ಕಳ್ಳರಿಗೆ ಆಶ್ರಯ. ಸರಿ, ಆ ಗಡಿಯ ಕಾಡಿನಲ್ಲಿ ಇರುವವರನ್ನು ಏನು ಮಾಡಬೇಕು? ಅವರನ್ನು ತಿದ್ದಿ ಶುದ್ಧ ಮಾಡಲು ಹೊರಡುವುದು ಮಣ್ಣಿನ ಗೋಡೆ ತೊಳೆದ ಹಾಗೆ, ಮುಗಿಯುವುದೇ ಇಲ್ಲ ಎನ್ನುತ್ತಾನೆ. ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ. ಕೊಟ್ಟ ಮಾತು ಉಳಿಸಿಕೊಂಡು ಅವರನ್ನು ಒಲಿಸಿಕೋ. ಅವರು ಸಣ್ಣ ಉಪಕಾರಕ್ಕೆ ಜೀವ ಕೊಡುತ್ತಾರೆ, ಸಣ್ಣ ಅವಮಾನಕ್ಕೆ ಹಗೆ ಸಾಧಿಸುತ್ತಾರೆ. ಶತ್ರುವಿನ ನಾಡಿನ ಮೇಲೆ ಏರಿಹೋಗಲು ನಿನಗೆ ಅವರು ಬೇಕು.

ಇದನ್ನು ಓದಿದಾಗ ನನಗೆ ಎರಡೂ ಅನ್ನಿಸಿತು. ಕಾಡಿನವರನ್ನು ಕೊಂದು ಮುಗಿಸು ಎನ್ನದೆ ಮಾತು ಕೊಟ್ಟು ಉಳಿಸಿಕೋ ಎನ್ನುವ ರಾಜ ಆ ಕಾಲಕ್ಕೆ ದೊಡ್ಡವನೇ. ಆದರೆ ಮಣ್ಣಿನ ಗೋಡೆ ಎನ್ನುವ ಹೋಲಿಕೆಯಲ್ಲಿರುವ ತಾತ್ಸಾರ ಎದ್ದು ಕಾಣುತ್ತದೆ. ಬೇರೆ ಪದ್ಯಗಳಲ್ಲಿ ಕೆಳಜಾತಿಯವರ ಬಗ್ಗೆ, ಬೋಯರ ಬಗ್ಗೆ ಅವನು ಆಡುವ ಮಾತು ಇನ್ನೂ ಕಹಿ. ಈ ಕಡೆ ಬೋಯರೆನ್ನುವವರನ್ನೇ ಆ ಕಡೆ ಬೇಡರು, ನಾಯಕರು ಎನ್ನುತ್ತಾರೆ. ನಮ್ಮ ಶಾಲೆಯ ಬೆಂಚುಗಳಲ್ಲಿ ಆ ಮನೆಗಳ ಮಕ್ಕಳೇ ಕೂತಿರುತ್ತಾರೆ. ರಾಯ ದೊಡ್ಡವನು ಎಂದು ಹೇಳುವಾಗ ಇದನ್ನು ಮುಚ್ಚಿಡುವುದು ಸರಿಯಲ್ಲ ಎಂದು ಮಕ್ಕಳ ಎದುರಿಗೆ ಹೇಳಿಯೇ ಹೇಳುತ್ತೇನೆ.

ರಾಯದುರ್ಗದ ಕೋಟೆಯ ಕಥೆ ಇದಕ್ಕೆ ಒಳ್ಳೆಯ ಟಿಪ್ಪಣಿ. ಅದು ಮೊದಲು ಬೇಡ ನಾಯಕರ ಕೋಟೆ. ಅವರ ಉಪಟಳ ತಡೆಯಲಾರದೆ ವಿಜಯನಗರದ ದೊರೆಗಳು ಭೂಪತಿರಾಯನನ್ನು ಕಳಿಸಿದರು, ಅವನು ಅವರನ್ನು ಓಡಿಸಿ ಅಲ್ಲೇ ಕೂತ. ಬೆಟ್ಟಕ್ಕೆ ಭೂಪತಿರಾಯನಕೊಂಡ ಎಂಬ ಹೆಸರು ಬಂತು. 1565ರಲ್ಲಿ ವಿಜಯನಗರ ಬಿದ್ದ ಮೇಲೆ? ಬೇಡ ನಾಯಕರು ವಾಪಸು ಬಂದರು. ರಾಯದುರ್ಗದಲ್ಲಿ, ಚಿತ್ರದುರ್ಗದಲ್ಲಿ, ಹರಪನಹಳ್ಳಿಯಲ್ಲಿ, ಸುರಪುರದಲ್ಲಿ, ಅವರು ಸಾಮ್ರಾಜ್ಯ ಹೋದ ಮೇಲೂ ಉಳಿದರು. ನಮ್ಮ ರೊಳ್ಳ ಮಂಡಲದ ರತ್ನಗಿರಿಯಲ್ಲೂ ಪಾಳೆಯಗಾರರ ಕೋಟೆಯ ಗೋಡೆಗಳು ನಿಂತಿವೆ.

ಕೋಟೆಗಳನ್ನು ಯಾರ ಕೈಗೆ ಕೊಡಬೇಕು ಎಂಬುದಕ್ಕೆ ರಾಯನ ಉತ್ತರ ಪ್ರಸಿದ್ಧ. ನಂಬಿಕಸ್ಥ ಬ್ರಾಹ್ಮಣರಿಗೆ ಕೊಡು, ಆದರೆ ಕೋಟೆ ಕಾಯಲು ಸಾಕಾಗುವಷ್ಟೇ ದಂಡು ಕೊಡು. ಕೊಂಡವೀಡನ್ನು ತಿಮ್ಮರಸುವಿನ ಬಂಧು ನಾದೆಂಡ್ಲ ಗೋಪನಿಗೆ, ಉದಯಗಿರಿಯನ್ನು ರಾಯಸಂ ಕೊಂಡಮರಸುವಿಗೆ ಒಪ್ಪಿಸಿ ಅವನು ಹಾಗೆಯೇ ನಡೆದುಕೊಂಡ. ಇದನ್ನು ಬರಿಯ ಜಾತಿಪ್ರೀತಿ ಎಂದರೆ ಅರ್ಧ ಸತ್ಯ. ಊರಿನ ತುಂಬ ನೆಂಟರು, ಹೊಲ, ಬಂಟರು ಇರುವ ನಾಯಕ ಕೋಟೆ ಸಿಕ್ಕ ಕೂಡಲೇ ತಾನೇ ರಾಜನಾಗುತ್ತಾನೆ. ಉಮ್ಮತ್ತೂರಿನವನು ಮಾಡಿದ್ದು ಅದನ್ನೇ. ಸ್ವಂತ ದಂಡಿಲ್ಲದವನಿಗೆ ಅರಮನೆಯೇ ಗತಿ. ಹಾಗಾಗಿ ಇದು ಭಕ್ತಿಗಿಂತ ಹೆಚ್ಚಾಗಿ ಎಚ್ಚರಿಕೆ. ಅಷ್ಟಾದರೂ ದಂಡು ಕಡಿಮೆ ಕೊಡು ಎಂದು ಬೇರೆ ಸೇರಿಸಿದ್ದಾನಲ್ಲ!

ಈಗ ನನಗೆ ಬಹಳ ಹಿಡಿಸಿದ ಭಾಗ. ಯುದ್ಧದ ಬಗ್ಗೆ ಬರೆಯುತ್ತಿರುವವನು ಕೆರೆಯ ಬಗ್ಗೆ ಯಾಕೆ ಬರೆಯುತ್ತಾನೆ? ರಾಜ್ಯ ಚಿಕ್ಕದಾದರೆ ಕೆರೆ ಕಾಲುವೆ ಕಟ್ಟಿಸು, ಬಡ ರೈತನ ಮೇಲಿನ ತೆರಿಗೆಯ ಭಾರ ಇಳಿಸು, ಆಗ ಧರ್ಮವೂ ಬೆಳೆಯುತ್ತದೆ ಹಣವೂ ಬೆಳೆಯುತ್ತದೆ ಎನ್ನುತ್ತಾನೆ. ನೀರಿದ್ದರೆ ಬೆಳೆ, ಬೆಳೆಯಿದ್ದರೆ ತೆರಿಗೆ, ತೆರಿಗೆಯಿದ್ದರೆ ಕುದುರೆ. ಹೊಸಪೇಟೆಯ ಹತ್ತಿರ ಪೋರ್ಚುಗೀಸ್ ಕೆಲಸಗಾರನೊಬ್ಬನ ನೆರವು ಪಡೆದು ದೊಡ್ಡ ಕೆರೆ ಕಟ್ಟಿಸಿದಾಗ ಆ ನೀರಿನ ಕೆಳಗಿನ ಜಮೀನನ್ನು ಜನರಿಗೆ 9 ವರ್ಷ ತೆರಿಗೆಯಿಲ್ಲದೆ ಬಿಟ್ಟುಕೊಟ್ಟನಂತೆ. ಈ ಬುದ್ಧಿ ವಿಜಯನಗರದಲ್ಲಿ ಅವನಿಗಿಂತ ಹಳೆಯದು. 1388ರಲ್ಲೇ ಪೆನುಕೊಂಡದ ಜನಕ್ಕೆ ನೀರಿಲ್ಲವೆಂದು ಜಲಸೂತ್ರ ಬಲ್ಲ ಸಿಂಗಾಯಭಟ್ಟನಿಂದ ಹೆನ್ನೆ ನದಿಯ, ಅಂದರೆ ನಮ್ಮ ಪೆನ್ನೆಯ, ನೀರನ್ನು ಕಾಲುವೆಯಲ್ಲಿ ತರಿಸಿದ ಶಾಸನವಿದೆ.

ಅದರ ಜೊತೆಗೇ ಬರುವ ಇನ್ನೊಂದು ಪದ್ಯದ ತಾತ್ಪರ್ಯ ಇದು. ಕಷ್ಟ ತಡೆಯಲಾರದೆ ಪ್ರಜೆಗಳು ಊರು ಬಿಟ್ಟು ಹೋದಾಗ ಅವರನ್ನು ವಾಪಸು ಕರೆಯದೆ, ಅವರ ದನ ಮಾರಿ, ಕಾಳು ಬಾಚಿಕೊಂಡು, ಅವರ ಮನೆಯ ತೊಲೆ ಜಂತೆಗಳನ್ನು ಸೌದೆ ಮಾಡಿಕೊಳ್ಳುವ ಅಧಿಕಾರಿ ರಣರಂಗದ ನರಿ ಇದ್ದ ಹಾಗೆ. ಅಂಥವನನ್ನು ಇಟ್ಟುಕೊಂಡ ರಾಜ ಸಪ್ತದ್ವೀಪ ಆಳಿದರೂ ಉದ್ಧಾರವಾಗುವುದಿಲ್ಲ.

ನಮ್ಮದು ದೇಶದಲ್ಲೇ ಬಹಳ ಕಡಿಮೆ ಮಳೆ ಬೀಳುವ ಸೀಮೆ. ಕಡಲೆಕಾಯಿ ಕೈಕೊಟ್ಟ ವರ್ಷ ಬೆಂಗಳೂರಿಗೆ ಗುಳೆ ಹೋಗುವ ಮನೆಗಳು ಎಷ್ಟು ಎಂದು ಹಾಜರಿ ಪುಸ್ತಕ ನೋಡಿದರೆ ನನಗೆ ಗೊತ್ತಾಗುತ್ತದೆ. ಅಜ್ಜಿಯ ಹತ್ತಿರ ಬಿಟ್ಟುಹೋದ ಮಕ್ಕಳು ಶಾಲೆಗೆ ಬರುತ್ತಾರೆ, ಜೊತೆಗೆ ಕರೆದುಕೊಂಡು ಹೋದ ಮಕ್ಕಳ ಹೆಸರಿನ ಮುಂದೆ ಸಾಲಾಗಿ ಗೈರುಹಾಜರಿ. ಬೀಗ ಹಾಕಿದ ಮನೆಯ ಬಗ್ಗೆ 500 ವರ್ಷದ ಹಿಂದೆ ಒಬ್ಬ ದಂಡನಾಯಕ ರಾಜ ಯೋಚಿಸಿದ್ದ, ಅದನ್ನು ರಾಜ್ಯದ ಬಲಾಬಲದ ಲೆಕ್ಕಕ್ಕೆ ಸೇರಿಸಿದ್ದ ಎಂದು ಓದಿದಾಗ ಪುಸ್ತಕ ಮಡಿಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಮೆಕಿಯಾವೆಲ್ಲಿಯೂ ಜನ ದ್ವೇಷಿಸದಿರುವುದೇ ರಾಜನಿಗೆ ಒಳ್ಳೆಯ ಕೋಟೆ ಎನ್ನುತ್ತಾನೆ. ಆದರೆ ತೊಲೆ ಜಂತೆಯವರೆಗೆ ಅವನು ಬರುವುದಿಲ್ಲ.

ಹಾಗಾದರೆ ರಾಯ ತಾನು ಬರೆದಂತೆ ನಡೆದನೇ? ರಾಯಚೂರು ಗೆದ್ದ ಮೇಲೆ ಆದಿಲ್ ಶಾಹ ಸಂಧಿಗೆ ರಾಯಭಾರಿಯನ್ನು ಕಳಿಸಿದ. ಅವನು ಬಂದು ನನ್ನ ಪಾದಕ್ಕೆ ಮುತ್ತಿಟ್ಟರೆ ಎಲ್ಲ ವಾಪಸು ಕೊಡುತ್ತೇನೆ ಎಂದ ರಾಯ. ಗೆದ್ದವನ ಗರ್ವ. ಆದಿಲ್ ಶಾಹ ಬರುತ್ತೇನೆಂದು ಹೇಳಿ ಬರಲಿಲ್ಲ. ರಾಯ ದಂಡಿನ ಸಮೇತ ಬಿಜಾಪುರಕ್ಕೇ ಹೋಗಿ ಕೂತ. ಆ ಕಡೆಯವರು ಕೆರೆಗಳ ನೀರನ್ನು ಹರಿಯಬಿಟ್ಟಿದ್ದರಿಂದ ಅಷ್ಟು ದೊಡ್ಡ ದಂಡಿಗೆ ನೀರು ಸಾಲದೆ ಹಿಂದಿರುಗಬೇಕಾಯಿತು. ಅಷ್ಟರಲ್ಲಿ ಬಿಜಾಪುರ ಹಾಳಾಗಿತ್ತು. ಹಾಳು ಮಾಡಿ ಎಂದು ರಾಯ ಹೇಳಿರಲಿಲ್ಲವಂತೆ. ದಂಡಿನವರು ಅಡುಗೆ ಒಲೆಗೆ ಸೌದೆ ಬೇಕೆಂದು ಮನೆಗಳನ್ನು ಕಿತ್ತುಹಾಕಿದ್ದರು. ನೋಡಲು ಸಂಕಟವಾಗುತ್ತಿತ್ತು ಎಂದು ನ್ಯೂನಿಜ್ ಬರೆಯುತ್ತಾನೆ.

ಓಡಿಹೋದವರ ಮನೆಯ ತೊಲೆ ಸುಡುವವನು ನರಿ ಎಂದ ಕವಿಯ ದಂಡೇ ಬಿಜಾಪುರದ ಮನೆಗಳ ತೊಲೆ ಸುಟ್ಟಿತ್ತು. ಕಾವ್ಯದ ಆ ಪದ್ಯ ಇದಕ್ಕೆ ಮೊದಲಿನದೋ, ಇದನ್ನು ಕಂಡಮೇಲಿನದೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ಇನ್ನೊಂದು ಪಾಠವನ್ನು ಶತ್ರುಗಳೇ ಹೆಚ್ಚು ಚೆನ್ನಾಗಿ ಕಲಿತರು. ರಿಚರ್ಡ್ ಈಟನ್ ಎಂಬ ಇತಿಹಾಸಕಾರರ ವಾದ ಹೀಗಿದೆ: ರಾಯಚೂರಿನಲ್ಲಿ ಫಿರಂಗಿ ಹೆಚ್ಚಿದ್ದವನು ಸೋತ, ಕುದುರೆ ನುಗ್ಗಿಸಿದವನು ಗೆದ್ದ. ಇದರಿಂದ ವಿಜಯನಗರದವರು ಫಿರಂಗಿಯನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸೋತ ಬಿಜಾಪುರದವರು ಮಾತ್ರ ಫಿರಂಗಿಯನ್ನೂ ಕೋಟೆಯ ಬುರುಜುಗಳನ್ನೂ ತಿದ್ದುತ್ತಾ ಹೋದರು. 45 ವರ್ಷಗಳ ನಂತರ, 1565ರ ಜನವರಿಯಲ್ಲಿ, ಅದರ ಬೆಲೆ ಗೊತ್ತಾಯಿತು. ರಾಯನ ಅಳಿಯ ರಾಮರಾಯ ಸತ್ತ, ಹಂಪಿ ಹಾಳಾಯಿತು, ತಿರುಮಲರಾಯ ರಾಜಧಾನಿಯನ್ನು ನಮ್ಮ ಪೆನುಕೊಂಡಕ್ಕೆ ತಂದ.

ಪೆನುಕೊಂಡ ಎಂದಾಗ ತಿಮ್ಮರಸುವಿನ ಮಾತು ಬರಲೇಬೇಕು. ರಾಯ ಅಪ್ಪಾಜಿ ಎಂದು ಕರೆಯುತ್ತಿದ್ದ ಮಂತ್ರಿ, ಅವನನ್ನು ಪಟ್ಟಕ್ಕೆ ತಂದವನು. ನ್ಯೂನಿಜ್ ಹೇಳುವಂತೆ, ರಾಯನ ಚಿಕ್ಕ ಮಗ ಸತ್ತಾಗ ವಿಷ ಹಾಕಿಸಿದವರು ತಿಮ್ಮರಸುವಿನ ಕಡೆಯವರೆಂದು ಅನುಮಾನ ಬಂತು. ರಾಯ ಅವನನ್ನೂ ಅವನ ಮಕ್ಕಳನ್ನೂ ಸೆರೆಗೆ ಹಾಕಿ ಕಣ್ಣು ಕೀಳಿಸಿದ. ಮರಣದಂಡನೆಗೆ ಗುರಿಯಾದವನಿಗೂ ಮೂರು ಸಲ ಬಿನ್ನವಿಸಿಕೊಳ್ಳಲು ಅವಕಾಶ ಕೊಡು ಎಂದು ಕಾವ್ಯದಲ್ಲಿ ಹೇಳಿದ್ದವನು ಇದೇ ರಾಯ. ಬಿಟ್ಟರೆ ರಾಜ್ಯಕ್ಕೆ ಅಪಾಯವಾಗುವವನ ವಿಷಯದಲ್ಲಿ ಮಾತ್ರ ಕಾಯಬೇಡ ಎಂದು ಒಂದು ವಿನಾಯಿತಿಯನ್ನೂ ಸೇರಿಸಿದ್ದ. ತಿಮ್ಮರಸು ಆ ವಿನಾಯಿತಿಯ ಲೆಕ್ಕಕ್ಕೆ ಬಿದ್ದನೋ ಏನೋ.

ಪೆನುಕೊಂಡದಲ್ಲಿ ತಿಮ್ಮರಸುವಿನ ಸಮಾಧಿ ಎಂದು ಜನ ಒಂದು ಕಲ್ಲಿನ ಕಟ್ಟಡ ತೋರಿಸುತ್ತಾರೆ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಈ ಕಥೆಯನ್ನೆಲ್ಲ ಹೇಳಿದೆ. ಬರುವಾಗ ದಾರಿಯಲ್ಲಿ ರಾಯ ನಮ್ಮೋನಾ ತೆಲುಗೋರೋನಾ ಎಂದು ಯಾರೂ ಕೇಳಲಿಲ್ಲ. ಹಿಂದಿನ ಸೀಟಿನ ಒಬ್ಬ ಹುಡುಗಿ ಮಾತ್ರ, "ಸಾ, ಕಣ್ಣು ಕೀಳ್ಸೋಕೆ ಮುಂಚೆ ಆಯಪ್ಪನ್ನ ಮೂರು ಸಲ ಕೇಳಿದ್ರಾ?" ಎಂದಳು.